ಎರಡನೆಯ ಎಣಿಕೆ

ಎರಡು ಜೋಡಿ ಕಣ್ಣುಗಳು ಇಷ್ಟೊಂದು ಒಪ್ಪಬಾರದು ಎಂದು ಚಿದಾನಂದನಿಗೆ ಮತ್ತೊಮ್ಮೆ ಅನ್ನಿಸಿದ್ದು ಸ್ಲೈಡುಗಳ ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಮಗುವಿಗೆ ಹಾಕುವಂತೆ ಬೆಲ್ಟ್ ಹಾಕುತ್ತಿದ್ದಾಗ. ಹ್ಯೂಸ್ಟನ್ನಿನ ಆ ಪಾರ್ಕಿಂಗ್ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಬೆಳಗಿನ ಎಂಟು ಗಂಟೆಗೇ ಸೆಕೆ ಕುತ್ತಿಗೆಗೆ ಅಂಟಿಕೊಂಡಿತ್ತು. ನಿಶಿತಾ ಲ್ಯಾಪ್‌ಟಾಪ್ ಚೀಲವನ್ನೂ ಒಂದು ಸ್ಟೀಲ್ ಡಬ್ಬಿಯನ್ನೂ ಎದೆಗವಚಿಕೊಂಡು, ಸರ್ ಹತ್ತಿ ಅನ್ನುವವರೆಗೆ ಹತ್ತಬಾರದು ಎಂಬಂತೆ ನಿಂತಿದ್ದಳು. ಈ ವಿನಯ ನಿಜವೋ ನಾಟಕವೋ ಅವನಿಗೆ ಇನ್ನೂ ಬಗೆಹರಿದಿರಲಿಲ್ಲ. ಮೈಸೂರಿನ ಹುಡುಗಿಯರ ವಿನಯವೇ ಹೀಗೆ, ಎಲ್ಲಿ ಮುಗಿದು ಎಲ್ಲಿ ಜಾಣತನ ಶುರುವಾಗುತ್ತದೆಂದು ರಾಯಚೂರಿನವನಿಗೆ ತಿಳಿಯುವುದಿಲ್ಲ ಎಂದುಕೊಂಡ, ಮರುಕ್ಷಣ ತನ್ನ ಯೋಚನೆಗೆ ತಾನೇ ನಾಚಿಕೊಂಡು, "ಕೂಡ್ರಿ, ಯಾಕ ನಿಂತೀರಿ?" ಎಂದ. ಹನ್ನೊಂದು ವಾರವಾದರೂ ಅವಳನ್ನು ಬಹುವಚನದಲ್ಲೇ ಮಾತನಾಡಿಸುತ್ತಿದ್ದ. ಅನುಮಾನವಿರುವವರಿಗೆ ಅವನು ಕೊಡುತ್ತಿದ್ದ ಮರ್ಯಾದೆ ಅದು.

ಮಲಾವಿಯ ಒಂದು ಆಸ್ಪತ್ರೆಗೆ ಜ್ವರ ಬಂದು ಪ್ರಜ್ಞೆ ತಪ್ಪಿದ ಮಕ್ಕಳನ್ನು ಹೊತ್ತು ತರುತ್ತಾರೆ. ಅವರ ಬೆರಳಿನ ಒಂದು ಹನಿ ರಕ್ತ ಗಾಜಿನ ಮೇಲೆ ಒಣಗಿ, ಬಣ್ಣ ಹಿಡಿದು, ಹ್ಯೂಸ್ಟನ್ನಿನ ವಿಶ್ವವಿದ್ಯಾಲಯಕ್ಕೆ ಬರುತ್ತದೆ. ಮಗು ಎಚ್ಚರವಾಯಿತೋ ಇಲ್ಲವೋ ಎಂದು ಸ್ಲೈಡು ನೋಡುವವರಿಗೆ ತಿಳಿಸುವುದಿಲ್ಲ. ಹೆಸರೂ ಇಲ್ಲ, ಬರೀ ನಂಬರು. ಇನ್ನೂರು ಬಿಳಿ ರಕ್ತಕಣ ಎಣಿಸುವಷ್ಟರಲ್ಲಿ ಎಷ್ಟು ಮಲೇರಿಯಾ ರೋಗಾಣು ಕಂಡವು ಎಂದು ಮೊದಲು ಚಿದಾನಂದ ಎಣಿಸಬೇಕು. ಆಮೇಲೆ, ಅವನ ಸಂಖ್ಯೆ ತಿಳಿಯದೆ, ನಿಶಿತಾ ಎಣಿಸಬೇಕು. ಎರಡಕ್ಕೂ ಕಾಲುಭಾಗಕ್ಕಿಂತ ಹೆಚ್ಚು ಅಂತರ ಬಂದರೆ ಸ್ಲೈಡು ಆಸ್ಟಿನ್ನಿಗೆ, ಮೂರನೆಯ ಕಣ್ಣಿಗೆ. ಯಾವ ಮಗುವಿನ ಮೆದುಳಿಗೆ ಮಲೇರಿಯಾವೇ ಏರಿತ್ತು, ಯಾವ ಮಗು ಮೈಯಲ್ಲಿ ಮಲೇರಿಯಾ ಇಟ್ಟುಕೊಂಡೂ ಬೇರೆ ಯಾವುದೋ ಕಾರಣಕ್ಕೆ ಕಣ್ಣು ಮುಚ್ಚಿ ಮಲಗಿತ್ತು ಎಂಬ ವಾದವೆಲ್ಲ ನಿಲ್ಲುವುದು ಈ ಎಣಿಕೆಯ ಮೇಲೆ. ಹಿಂದಿನ ವಿದ್ಯಾರ್ಥಿ ಆಶ್ರಿತ್ ಇದ್ದಾಗ ಐದರಲ್ಲಿ ಒಂದಾದರೂ ಆಸ್ಟಿನ್ನಿಗೆ ಹೋಗುತ್ತಿತ್ತು. ನಿಶಿತಾ ಬಂದು ಹನ್ನೊಂದು ವಾರ, ಆರುನೂರ ಹನ್ನೆರಡು ಸ್ಲೈಡು. ಹೋಗಬೇಕಾಗಿ ಬಂದದ್ದು ಒಂದೇ ಒಂದು, ಆರುನೂರ ನಾಲ್ಕನೆಯದು. ಅದು ಈಗ ಹಿಂದಿನ ಸೀಟಿನ ಪೆಟ್ಟಿಗೆಯಲ್ಲಿತ್ತು. ಅದರ ಜೊತೆಗೆ ಪ್ರೊಫೆಸರ್ ಹಾಲಿಸ್ ತಾನೇ ಆರಿಸಿ ಕೊಟ್ಟ ಇನ್ನೂ ಇಪ್ಪತ್ತು. ಆ ಇಪ್ಪತ್ತು ಯಾಕೆಂದು ನಿಶಿತಾಗೆ ಗೊತ್ತಿರಲಿಲ್ಲ. ಚಿದಾನಂದನಿಗೆ ಗೊತ್ತಿತ್ತು, ಯಾಕೆಂದರೆ ಹೋದ ಬುಧವಾರ ಪ್ರೊಫೆಸರ್ ಕೋಣೆಯ ಬಾಗಿಲು ಹಾಕಿಕೊಂಡು, ಆ ಹುಡುಗಿಯ ಎಣಿಕೆಯ ಮೇಲೆ ತನಗೆ ಸ್ವಲ್ಪ ಸಂಶಯವಿದೆ ಎಂದು ಹೇಳಿ ಬಂದವನು ಅವನೇ.

ಊರಿಂದ ಹೊರಬೀಳುವ ಹೊತ್ತಿಗೆ ರಸ್ತೆ ಅಗಲವಾಗಿ, ಮಾತು ಕಡಿಮೆಯಾಯಿತು. ಸಂಶಯ ಅಂದರೆ ಏನು ಸಂಶಯ ಎಂದು ಬುಧವಾರ ಪ್ರೊಫೆಸರ್ ಕೇಳಿದ್ದಳು. ನನ್ನ ಚೀಟಿಗಳನ್ನು ನೋಡಿಕೊಂಡು ಬರೆಯುತ್ತಾಳೇನೋ ಎಂದು ಅವನು ಅಂದಿದ್ದ. ಎಣಿಸಿದ ಸಂಖ್ಯೆಯನ್ನು ಹಳದಿ ಚೀಟಿಯಲ್ಲಿ ಬರೆದು ಪೇಪರ್‌ವೇಟಿನ ಕೆಳಗಿಡುವುದು, ಸಂಜೆ ಹೋಗುವಾಗ ಬೀಗ ಹಾಕಿದ ಡಬ್ಬದ ಸೀಳಿನೊಳಗೆ ಹಾಕುವುದು ಅವನ ರೂಢಿ. ನೋಡುವವರು ನೋಡಬಹುದಿತ್ತು. ಆದರೆ ನಿಜವಾದ ಕಾರಣ ಬೇರೆ. ಹದಿನೈದು ವರ್ಷದಿಂದ ಪ್ರೊಫೆಸರ್ ಯಾರಿಗೆ ಪರಿಚಯಿಸುವಾಗಲೂ "ಇವರು ನಮ್ಮ ಕಣ್ಣು" ಎನ್ನುತ್ತಿದ್ದಳು. ವಿಜ್ಞಾನಿ ಎಂದು ಒಮ್ಮೆಯೂ ಅಂದವಳಲ್ಲ. ಪ್ರಬಂಧಗಳಲ್ಲಿ ಅವನ ಹೆಸರು ಒಂಬತ್ತನೆಯದೋ ಹತ್ತನೆಯದೋ. ಇರಲಿ, ಕಣ್ಣಾದರೂ ಇದೆಯಲ್ಲ ಎಂದು ಅವನು ಆ ಒಂದು ಮಾತನ್ನೇ ಹೊದ್ದುಕೊಂಡು ಬದುಕಿದ್ದ. ಈಗ ಯಾವಳೋ ಇಪ್ಪತ್ತಾರರ ಹುಡುಗಿ ಹನ್ನೊಂದು ವಾರದಲ್ಲಿ ಅದೇ ಕಣ್ಣು ಸಂಪಾದಿಸಿಕೊಂಡಳೆಂದರೆ ಏನರ್ಥ? ವಾರಕ್ಕೊಮ್ಮೆ ಪ್ರೊಫೆಸರ್ ಕಳಿಸುವ ಪಟ್ಟಿಯಲ್ಲಿ ಅವನು ನೂರ ನಲವತ್ತೆರಡು ಎಂದರೆ ಅವಳದು ನೂರ ಮೂವತ್ತೊಂಬತ್ತು. ಅವನು ಮೂವತ್ತೆಂಟು ಎಂದರೆ ಅವಳದು ಮೂವತ್ತೇಳು. ಕಣ್ಣಿನ ಡಾಕ್ಟರು ಬೇರೆ ಹೋದ ತಿಂಗಳು ಅವನ ಬಲಗಣ್ಣಿಗೆ ಬೆಳಕು ಬಿಟ್ಟು, ಪೊರೆ ಶುರುವಾಗಿದೆ, ಗಾಬರಿಯಿಲ್ಲ ಎಂದಿದ್ದರು. ಅವಳು ಕಳ್ಳಿಯಾಗಿರಲಿ ಎಂದು ಅವನು ಒಳಗೊಳಗೇ ಹರಕೆ ಹೊತ್ತವನಂತೆ ಕಾಯುತ್ತಿದ್ದ.

ಕಾದದ್ದೂ ಎಂಥ ಕಾಯುವಿಕೆ! ಒಂದು ಬೆಳಗ್ಗೆ ಅಡಿಗೆಮನೆಯಲ್ಲಿ ಡಬ್ಬಿ ತಡಕಾಡುತ್ತಿದ್ದವನನ್ನು ಹೆಂಡತಿ ನಳಿನಿ ಹಿಡಿದಿದ್ದಳು. "ಸಾಸಿವಿ ಕಾಳು ಯಾಕ ಬೇಕ್ರೀ ನಿಮಗ? ಲ್ಯಾಬಿನ್ಯಾಗ ಒಗ್ಗರಣಿ ಹಾಕ್ತೀರೇನು?" ಅವನು ನಗಲಿಲ್ಲ. ಪೇಪರ್‌ವೇಟಿನ ಮೇಲೆ ಒಂದೇ ಒಂದು ಸಾಸಿವೆ ಕಾಳು ಇಟ್ಟು ಕಾಫಿಗೆ ಹೋಗುವುದು, ಬಂದು ನೋಡುವುದು. ಮೊದಲ ದಿನ ಕಾಳು ಇದ್ದಲ್ಲೇ ಇತ್ತು. ಎರಡನೆಯ ದಿನ ನೆಲದ ಮೇಲಿತ್ತು. ಸಿಕ್ಕಿಬಿದ್ದಳು ಎಂದುಕೊಂಡ. ಆಮೇಲೆ ಎಸಿಯ ಗಾಳಿ ನೇರ ಟೇಬಲಿಗೇ ಬೀಸುತ್ತದೆ ಎಂಬುದು ನೆನಪಾಯಿತು. ಐವತ್ತೆರಡು ವರ್ಷದ ಗಂಡಸು ಮಂಡಿಯೂರಿ ಟೇಬಲಿನ ಅಡಿಯಲ್ಲಿ ಸಾಸಿವೆ ಹುಡುಕುತ್ತಿರುವಾಗ ಹಿಂದಿನಿಂದ ನಿಶಿತಾ, "ಸರ್, ಏನಾದ್ರೂ ಬಿತ್ತಾ? ನಾನು ಹುಡುಕ್ಲಾ?" ಎಂದು ಪಕ್ಕದಲ್ಲೇ ಮಂಡಿಯೂರಿದ್ದಳು.

ಆಮೇಲೆ ಅವನು ಮಾಡಿದ್ದು ಸಾಸಿವೆಯಷ್ಟು ಸಣ್ಣದಲ್ಲ. ಗುರುವಾರ ಮಧ್ಯಾಹ್ನ ಆರುನೂರ ನಾಲ್ಕನೆಯ ಸ್ಲೈಡು ಎಣಿಸಿದ. ಇನ್ನೂರ ಹದಿನಾಲ್ಕು ಬಂತು. ಚೀಟಿಯ ಮೇಲೆ ತೊಂಬತ್ತು ಎಂದು ಬರೆದ. ಬರೆದು, ಸಂಖ್ಯೆ ಮೇಲೆ ಕಾಣುವಂತೆ ಇಟ್ಟು, ಇಪ್ಪತ್ತು ನಿಮಿಷ ಕಾಫಿಗೆ ಹೋದ. ನಾಳೆ ಬೆಳಗ್ಗೆ ಅವಳು ಎಣಿಸಿ ತೊಂಬತ್ತರ ಆಸುಪಾಸು ಬರೆದರೆ ಮುಗಿಯಿತು, ಬೇರೆ ಸಾಕ್ಷಿ ಬೇಡ. ಸಂಜೆ ಹೋಗುವ ಮುನ್ನ ಆ ಚೀಟಿ ಹರಿದು, ಸರಿಯಾದ ಸಂಖ್ಯೆಯ ಚೀಟಿ ಡಬ್ಬಕ್ಕೆ ಹಾಕಿದರಾಯಿತು. ಎಲ್ಲ ಅಚ್ಚುಕಟ್ಟಾಗಿತ್ತು. ಆದರೆ ನಾಲ್ಕೂವರೆಗೆ ಕಟ್ಟಡದ ಬೆಂಕಿ ಗಂಟೆ ಹೊಡೆದು ಎಲ್ಲರನ್ನೂ ಹೊರಗೆ ಅಟ್ಟಿದರು. ಅದು ಬರೀ ತಾಲೀಮು. ಅರ್ಧ ಗಂಟೆ ಹುಲ್ಲಿನ ಮೇಲೆ ನಿಂತು ವಾಪಸು ಬಂದಾಗ ಟೇಬಲಿನ ಮೇಲೆ ಚೀಟಿ ಇರಲಿಲ್ಲ. "ಸರ್, ಚೀಟಿಗಳು ಟೇಬಲ್ ಮೇಲೇ ಇದ್ವು. ಬಾಗಿಲು ತೆಗ್ದೇ ಹೋಗ್ಬೇಕು ಅಂದ್ರಲ್ಲ, ಯಾರ್ಯಾರು ಬರ್ತಾರೋ ಅಂತ ನಾನೇ ಡಬ್ಬಕ್ಕೆ ಹಾಕ್ಬಿಟ್ಟೆ. ಕಣ್ಣು ಬೇರೆ ಕಡೆ ಮಾಡ್ಕೊಂಡೇ ಹಾಕಿದ್ದು ಸರ್, ನಂಬರ್ ನೋಡ್ಲಿಲ್ಲ." ಅಷ್ಟು ಹೇಳಿ ಅವಳು ಶಹಬ್ಬಾಸ್‌ಗಿರಿಗೆ ಕಾದವಳಂತೆ ನಿಂತಿದ್ದಳು. ಅವನು ಎಂದಿನ ಹಾಗೆ ತಲೆಯಾಡಿಸಿ "ಸರಿ" ಎಂದ. ಪ್ರತಿ ಸಂಜೆ ಅವಳು ಏನು ಹೇಳಿದರೂ ಅವನು ಹೇಳುತ್ತಿದ್ದುದು ಅದೇ ಸರಿ. ನಂಬಿದೆ ಎಂದೂ ಅಲ್ಲ, ನಂಬಲಿಲ್ಲ ಎಂದೂ ಅಲ್ಲ.

ಡಬ್ಬಕ್ಕೆ ಬಿದ್ದದ್ದು ಬಿದ್ದಿತು. ಅದರ ಬೀಗದ ಕೈ ಪ್ರೊಫೆಸರ್ ಕಚೇರಿಯಲ್ಲಿ. ಅಂದೇ ಓಡಿಹೋಗಿ ಆ ಚೀಟಿ ತಪ್ಪು ಎಂದಿದ್ದರೆ ಮುಗಿಯುತ್ತಿತ್ತು, ಆದರೆ ಹೇಗೆ ತಪ್ಪಾಯಿತು ಎಂದು ಕೇಳಿದರೆ? ಸೋಮವಾರ ಪ್ರೊಫೆಸರ್ ಕಡೆಯಿಂದ ಅವನೊಬ್ಬನಿಗೇ ಮೇಲ್ ಬಂತು: ಆರುನೂರ ನಾಲ್ಕು, ಮೊದಲ ಎಣಿಕೆ ತೊಂಬತ್ತು, ಎರಡನೆಯದು ಇನ್ನೂರ ಒಂಬತ್ತು, ಮಂಗಳವಾರ ಇಬ್ಬರೂ ಆಸ್ಟಿನ್ನಿಗೆ ಹೋಗಿ, ನಾನು ಡಾಲಸ್‌ನಿಂದ ವಿಡಿಯೋದಲ್ಲಿ ಸೇರಿಕೊಳ್ಳುತ್ತೇನೆ. ಇನ್ನೂರ ಒಂಬತ್ತು! ಅವಳು ಚೀಟಿ ನೋಡಿರಲಿಲ್ಲ. ಅಥವಾ ನೋಡಿ, ಇದು ಬಲೆ ಎಂದು ಅರ್ಥಮಾಡಿಕೊಂಡು, ಬೇಕೆಂದೇ ಬಿಟ್ಟಿದ್ದಳು. ಹೀಗೂ ಇರಬಹುದಲ್ಲ? ಸೋಮವಾರವಿಡೀ ಅವನು ಈ ಎರಡನೆಯ ದಾರಿಯಲ್ಲೇ ಓಡಾಡಿದ. ಅನುಮಾನಕ್ಕೆ ಒಂದು ಸುಖವಿದೆ, ಅದು ಸೋಲುವುದೇ ಇಲ್ಲ.

"ಸರ್, ಕೋಡುಬಳೆ ತಗೊಳ್ತೀರಾ? ಫ್ಲವರ್ ಮೌಂಡ್‌ನಲ್ಲಿರೋ ನಮ್ಮ ಚಿಕ್ಕಮ್ಮ ಕಳ್ಸಿದ್ದು." ನಿಶಿತಾ ಡಬ್ಬಿ ತೆರೆದು ಹಿಡಿದಿದ್ದಳು. ಅವನು ಒಂದು ತೆಗೆದುಕೊಂಡ. ರಸ್ತೆಯ ಎರಡೂ ಬದಿ ಬಯಲು, ಅಲ್ಲಲ್ಲಿ ದನ. "ಅವ್ರು ದಿನಾ ಫೋನ್ ಮಾಡ್ತಾರೆ. ನಿಮ್ಮ ಸರ್ ಹೇಗೆ ಅಂತ ಕೇಳ್ತಾರೆ. ತುಂಬಾ ಸ್ಟ್ರಿಕ್ಟು, ಆದ್ರೆ ಕಣ್ಣು ಅಂದ್ರೆ ಕಣ್ಣು ಅಂತ ಹೇಳ್ದೆ." ಅವನ ಬಾಯಲ್ಲಿದ್ದ ಕೋಡುಬಳೆ ಸದ್ದು ಮಾಡಿತು. ಡಬ್ಬಿಯ ಮುಚ್ಚಳ ಹಾಕುತ್ತ ಅವಳು ಸಣ್ಣ ದನಿಯಲ್ಲಿ ಕೇಳಿದಳು. "ಸರ್, ಇವತ್ತು ನಂದು ತಪ್ಪು ಅಂತ ಬಂದ್ರೆ ಏನ್ ಮಾಡ್ತಾರೆ? ಈ ಸೆಮಿಸ್ಟರ್ ರಿವ್ಯೂ ಇನ್ನೂ ಆಗಿಲ್ಲ. ತೆಗ್ದುಬಿಟ್ರೆ ನನ್ನ ವೀಸಾನೂ ಹೋಗತ್ತೆ."

"ಒಂದು ಸ್ಲೈಡಿಗೆ ಯಾರೂ ತೆಗ್ಯಂಗಿಲ್ಲ."

"ಅದ್ಹೇಗೆ ಅಷ್ಟು ವ್ಯತ್ಯಾಸ ಬಂತು ಅಂತಾನೇ ಗೊತ್ತಾಗ್ತಿಲ್ಲ ಸರ್. ಅದ್ರಲ್ಲೂ ನಿಮ್ಮ ಜಾಗದಿಂದಲೇ ಶುರು ಮಾಡಿದ್ದೆ."

"ನನ್ನ ಜಾಗ ಅಂದ್ರ?"

"ಎಣ್ಣೆ ಸರ್." ಅವಳು ಅವನಿಗೆ ಗೊತ್ತಿರುವುದನ್ನೇ ನೆನಪಿಸುವವಳಂತೆ ಹೇಳಿದಳು. "ಲೆನ್ಸಿಗೆ ಅಂತ ನೀವು ಹಾಕಿದ ಎಣ್ಣೆ ಸ್ಲೈಡ್ ಮೇಲೇ ಇರತ್ತಲ್ಲ. ಎಲ್ಲಿ ಎಣ್ಣೆ ಇದೆಯೋ ಅಲ್ಲಿ ಸರ್ ನೋಡಿದ್ದಾರೆ, ಅಂದ್ರೆ ಅದು ಒಳ್ಳೇ ಜಾಗ ಅಂತ ನಾನೂ ಅಲ್ಲೇ ನೋಡ್ತೀನಿ. ಆಶ್ರಿತ್ ಹೇಳಿದ್ದ, ಥೂ ಅಂಟಂಟು, ನಾನು ಮೊದ್ಲು ಒರೆಸಿಬಿಡ್ತಿದ್ದೆ ಅಂತ. ನನಗೆ ಒರೆಸೋಕೆ ಮನಸ್ಸು ಬರಲ್ಲ ಸರ್. ನೀವು ಇಟ್ಟಿದ್ದು."

ಒಂದು ಹನಿ ರಕ್ತದಲ್ಲಿ ರೋಗಾಣುಗಳು ಒಂದೇ ಸಮ ಹರಡಿರುವುದಿಲ್ಲ, ಇಲ್ಲಿ ದಟ್ಟ, ಅಲ್ಲಿ ವಿರಳ. ಅದಕ್ಕೇ ಇಬ್ಬರು ನೋಡುವುದು, ಇಬ್ಬರೂ ತಮ್ಮ ತಮ್ಮ ಜಾಗ ಹುಡುಕಿಕೊಂಡು. ಮೊದಲು ನೋಡಿದವನು ಎಣ್ಣೆಯನ್ನು ತೆಗೆದು ಕೊಡಬೇಕು ಎಂಬ ನಿಯಮದ ಪುಟವನ್ನು ಲ್ಯಾಬಿಗೆ ಬರೆದುಕೊಟ್ಟವನು ಅವನೇ. ಬರೆದು, ತಾನು ಮಾತ್ರ ಮೂವತ್ತು ವರ್ಷದಿಂದ ಒಂದು ಸ್ಲೈಡನ್ನೂ ಒರೆಸಿರಲಿಲ್ಲ. ಒರೆಸಿದರೆ ರಕ್ತದ ಪದರ ಕಿತ್ತು ಬರುತ್ತದೆ ಎಂದು ದೇವದುರ್ಗದ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕಲಿತ ಕೈ ಅದು. ಅಲ್ಲಿ ಒರೆಸಲು ಬಟ್ಟೆಯೂ ಇರಲಿಲ್ಲ, ದ್ರಾವಣವೂ ಇರಲಿಲ್ಲ, ಮೈಕ್ರೋಸ್ಕೋಪಿಗೆ ಕರೆಂಟೇ ಇರಲಿಲ್ಲ, ಕೆಳಗೊಂದು ಕನ್ನಡಿ, ಕಿಟಕಿಯ ಬಿಸಿಲು. ಹಳ್ಳಿಗಳಿಂದ ಸ್ಲೈಡುಗಳು ಹಳೇ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಬರುತ್ತಿದ್ದವು. ಒಂದು ಸಲ, ಸೋಮವಾರ ಜಿಲ್ಲಾ ಅಧಿಕಾರಿ ಬರುತ್ತಾರೆ, ಒಂದೂ ಬಾಕಿ ಇರಬಾರದು ಎಂದು ಹೇಳಿಕಳಿಸಿದ್ದರು. ಶನಿವಾರ ನೂರ ಅರವತ್ತು ಬಾಕಿ ಇದ್ದವು, ಮೋಡ ಮುಚ್ಚಿ ಕನ್ನಡಿಯಲ್ಲಿ ಬೆಳಕೇ ಇರಲಿಲ್ಲ. ಇಪ್ಪತ್ಮೂರರ ಚಿದಾನಂದ ರಿಜಿಸ್ಟರ್ ತೆಗೆದು ಒಂದರ ಕೆಳಗೊಂದು ನೆಗೆಟಿವ್ ಎಂದು ಬರೆಯುತ್ತ ಹೋದ. ನಂಬುವಂತಿರಲಿ ಎಂದು ನಡುನಡುವೆ ನಾಲ್ಕು ಪಾಸಿಟಿವ್. ಆ ನಾಲ್ಕು ಜನಕ್ಕೆ ಮಾತ್ರೆ ಹೋಯಿತು. ಉಳಿದವರಲ್ಲಿ ಯಾರಿಗೆ ಹೋಗಬೇಕಿತ್ತು ಎಂದು ಯಾವತ್ತೂ ಗೊತ್ತಾಗಲಿಲ್ಲ, ಯಾಕೆಂದರೆ ಅಂದೇ ಸಂಜೆ ಸ್ಲೈಡುಗಳನ್ನೆಲ್ಲ ಸೋಪಿನ ನೀರಿನ ಬಕೆಟ್ಟಿಗೆ ಹಾಕಿ ಒಂದೊಂದಾಗಿ ತೊಳೆದ. ತೊಳೆದ ಗಾಜು ಫಳಫಳ ಹೊಳೆಯುತ್ತಿತ್ತು. ಅಧಿಕಾರಿ ರಿಜಿಸ್ಟರ್ ನೋಡಿ, ಅಕ್ಷರ ಚೆನ್ನಾಗಿದೆ ಎಂದಿದ್ದರು.

"ಸರ್? ನಾನೇನಾದ್ರೂ ತಪ್ಪು ಹೇಳಿದ್ನಾ?"

"ಇಲ್ಲ," ಎಂದ. ಅವನಿಗೆ ಅಳು ಬರುವಂತಾಗಿತ್ತು, ಅಥವಾ ಸಿಟ್ಟು. ಎರಡೂ ಅವನಲ್ಲಿ ಒಂದೇ ಬಾಗಿಲಿನಿಂದ ಬರುತ್ತಿದ್ದವು. ಕಳ್ಳಿ ಅಲ್ಲ ಇವಳು. ಇವಳಿಗೆ ತನ್ನಂಥ ಕಣ್ಣೂ ಇಲ್ಲ. ತಾನು ಇಟ್ಟ ಎಣ್ಣೆಯ ಮೇಲೆ ಹೆಜ್ಜೆಯಿಟ್ಟು ನಡೆದ ಒಬ್ಬ ವಿಧೇಯ ಹುಡುಗಿ, ಅಷ್ಟೇ. ಆ ಗಳಿಗೆಯಲ್ಲಿ, ಹೇಳಲು ನಾಚಿಕೆಯಾಗುತ್ತದೆ, ಅವನಿಗೆ ಮೊದಲು ಆದದ್ದು ಸಮಾಧಾನ: ತನ್ನ ಕಣ್ಣು ಇನ್ನೂ ತನ್ನೊಬ್ಬನದೇ. ಆಮೇಲೆ ಆರುನೂರ ನಾಲ್ಕು ನೆನಪಾಯಿತು. ಆರುನೂರ ಹನ್ನೆರಡು ಸ್ಲೈಡುಗಳಲ್ಲಿ, ಇಬ್ಬರ ಎಣಿಕೆಯಲ್ಲಿ, ತಿಳಿದೂ ತಿಳಿದು ಬರೆದ ಸುಳ್ಳು ಒಂದೇ ಒಂದಿತ್ತು. ಕಳ್ಳನನ್ನು ಹಿಡಿಯಲು ಹೊರಟವನು ಬರೆದದ್ದು ಅದು.

ಗಿಡ್ಡಿಂಗ್ಸ್ ಹತ್ತಿರ ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದರು. ನಿಶಿತಾ ಕಾಫಿ ತರುತ್ತೇನೆಂದು ಒಳಗೆ ಹೋದಳು. ಅವನು ಹಿಂದಿನ ಬಾಗಿಲು ತೆರೆದು, ಬೆಲ್ಟ್ ಬಿಚ್ಚಿ, ಪೆಟ್ಟಿಗೆಯ ಮುಚ್ಚಳ ಎತ್ತಿದ. ಆರುನೂರ ನಾಲ್ಕನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿದಾಗ ನೇರಳೆ ಬಣ್ಣದ ಮಚ್ಚೆಯ ಮೇಲೆ, ಎಡಗಡೆ ಅಂಚಿಗೆ, ಅವನದೇ ಎಣ್ಣೆ ಮಿನುಗಿತು. ಎಷ್ಟೋ ಸ್ಲೈಡುಗಳು ಒಡೆಯುತ್ತವೆ. ದಾರಿಯಲ್ಲಿ ಒಡೆಯಿತು ಎಂದು ಬರೆದರೆ ಅದಕ್ಕೊಂದು ಕಾಲಂ ಕೂಡ ಇದೆ. ಒಡೆದರೆ ಮೂರನೆಯ ಎಣಿಕೆಯಿಲ್ಲ, ತೊಂಬತ್ತೂ ಇಲ್ಲ, ಇನ್ನೂರ ಒಂಬತ್ತೂ ಇಲ್ಲ, ಆ ಮಗುವಿನ ಸಾಲನ್ನೇ ತೆಗೆದುಹಾಕುತ್ತಾರೆ. ಮಗು ಈಗ ಎಲ್ಲಿದೆಯೋ. ಅಂಗಳದಲ್ಲಿ ಓಡಾಡಿಕೊಂಡಿದೆಯೋ, ಅಥವಾ ಅದರಿಂದ ಉಳಿದದ್ದು ಇಷ್ಟೇ ಒಂದು ಹನಿಯೋ. ಅವನು ಬೆರಳು ಸ್ವಲ್ಪ ಸಡಿಲಿಸಿದ. ಕೆಳಗೆ ಸಿಮೆಂಟು ನೆಲ. ತಾನು ಅದನ್ನು ಬೀಳಿಸದೆ ಇದ್ದದ್ದು ಒಳ್ಳೆಯತನದಿಂದ ಎಂದು ಆಮೇಲೆ ನಂಬಲು ನೋಡಿದ, ಆದರೆ ನಿಜ ಹಾಗಿರಲಿಲ್ಲ. ನಿಶಿತಾ ಎರಡು ಕೈಯಲ್ಲಿ ಎರಡು ಕಪ್ಪು ಹಿಡಿದು ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು, ಅವನು ಸ್ಲೈಡನ್ನು ಒಳಗಿಟ್ಟ.

"ಸರಿಯಾಗಿದ್ಯಾ ಸರ್ ಎಲ್ಲಾ?"

"ಸರಿ," ಎಂದು ಮತ್ತೆ ಬೆಲ್ಟ್ ಹಾಕಿದ.

ಆಸ್ಟಿನ್ನಿನ ಲ್ಯಾಬಿನಲ್ಲಿ ಮೂರನೆಯ ಕಣ್ಣು ಅಂದರೆ ರಾಮಮೂರ್ತಿ. ಎಪ್ಪತ್ತು ದಾಟಿದವರು, ನಿವೃತ್ತರಾದ ಮೇಲೂ ವಾರಕ್ಕೆರಡು ದಿನ ಫ್ಲೂಗರ್‌ವಿಲ್‌ನ ಮಗಳ ಮನೆಯಿಂದ ಬಂದು ಕೂರುತ್ತಿದ್ದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರಟು, ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿದ ಕನ್ನಡಕ. "ಬಾರಯ್ಯ ಚಿದಾನಂದ್. ಇವಳೇನಾ ನಿನ್ನ ಹುಡುಗಿ? ಕೂತ್ಕೋಮ್ಮಾ, ಭಯ ಪಡಬೇಡ, ನಾನು ಕಚ್ಚಲ್ಲ." ಗೋಡೆಯ ಮೇಲಿನ ಪರದೆಯಲ್ಲಿ ಪ್ರೊಫೆಸರ್ ಹಾಲಿಸ್ ಡಾಲಸ್‌ನ ಯಾವುದೋ ಹೋಟೆಲ್ ಕೋಣೆಯಿಂದ ಕೈಬೀಸಿದಳು, ಬರುವ ತಿಂಗಳು ಈ ಆರುನೂರ ಹನ್ನೆರಡು ಮಕ್ಕಳ ಫಲಿತಾಂಶವನ್ನು ಅಲ್ಲೇ ಮಂಡಿಸಬೇಕಿತ್ತು. ರಾಮಮೂರ್ತಿ ಮೊದಲು ಆರುನೂರ ನಾಲ್ಕು, ಆಮೇಲೆ ಉಳಿದವು ಎಂದು ಒಂದೊಂದಾಗಿ ನೋಡಿದರು. ಒಂದೂವರೆ ಗಂಟೆ ಅವರ ಕೈಯಲ್ಲಿದ್ದ ಕೌಂಟರಿನ ಟಿಕ್ ಟಿಕ್ ಬಿಟ್ಟು ಕೋಣೆಯಲ್ಲಿ ಸದ್ದಿರಲಿಲ್ಲ. ನಿಶಿತಾ ಉಗುರು ಕಚ್ಚುತ್ತಿದ್ದಳು. ಎಣ್ಣೆಯ ವಿಷಯ ತಾನೇ ಮೊದಲು ಹೇಳಿಬಿಡಬೇಕೆಂದು ಚಿದಾನಂದ ಮಾತು ಜೋಡಿಸಿಕೊಳ್ಳುತ್ತಿರುವಾಗಲೇ ಮುದುಕರು ಕನ್ನಡಕ ತೆಗೆದು, ಪರದೆಗೆ ಕೇಳಿಸದಷ್ಟು ಮೆಲ್ಲಗೆ, "ನಿಮ್ಮಲ್ಲಿ ಒರೆಸೋ ಪದ್ಧತಿ ಇಲ್ವೇನಯ್ಯಾ?" ಎಂದರು.

"ನನ್ನ ತಪ್ಪು ಸರ್. ಒರಸ್ತಿದ್ದಿಲ್ಲ ನಾನು. ಆಕಿಗೆ ಗೊತ್ತಿಲ್ಲ, ನಾನು ಹೇಳೇ ಇಲ್ಲ."

ಇಂಗ್ಲಿಷಿನಲ್ಲಿ ಅದನ್ನೇ ಪ್ರೊಫೆಸರಿಗೂ ಹೇಳಿದ. ಆಶ್ಚರ್ಯವೆಂದರೆ, ಹೇಳುವುದು ಕಷ್ಟವಾಗಲಿಲ್ಲ. ಎಣ್ಣೆ ತೆಗೆದ ಮೇಲೆ ಬೇರೆ ಜಾಗದಲ್ಲಿ ಎಣಿಸಿದರೆ ಇಪ್ಪತ್ತರಲ್ಲಿ ಆರು ಸ್ಲೈಡು ಹೊಂದುವುದಿಲ್ಲ ಎಂದು ರಾಮಮೂರ್ತಿ ವಿವರಿಸಿದರು. ಪ್ರೊಫೆಸರ್ ಹಣೆ ಒತ್ತಿಕೊಂಡಳು. ಡಾಲಸ್ ಸಭೆ ಮುಂದಕ್ಕೆ, ಎಲ್ಲ ಮರು ಎಣಿಕೆ. ಆದರೂ ದನಿಯಲ್ಲಿ ಸಿಟ್ಟಿರಲಿಲ್ಲ. ಹಳೆಯ ಕೈಯ ಹಳೆಯ ರೂಢಿ, ಆಗುತ್ತದೆ ಎಂದಳು. ಇಷ್ಟಕ್ಕೇ ಮುಗಿಯಬಹುದು ಎಂದು ಅವನ ಭುಜ ಸ್ವಲ್ಪ ಇಳಿಯಿತು. ಸಣ್ಣ ತಪ್ಪೊಂದನ್ನು ಒಪ್ಪಿಕೊಂಡವನಿಗೆ ಸಿಗುವ ಮರ್ಯಾದೆ ಅವನ ಸುತ್ತ ಬೆಚ್ಚಗೆ ಕೂತಿತ್ತು.

"ಆರುನೂರ ನಾಲ್ಕು ನನ್ನ ಎಣಿಕೆಯಲ್ಲಿ ಇನ್ನೂರ ಆರು," ಎಂದರು ರಾಮಮೂರ್ತಿ. "ನಿಶಿತಾದು ಸರಿಯಾಗಿದೆ. ಈ ತೊಂಬತ್ತು ಎಲ್ಲಿಂದ ಬಂತು?"

ತೊಂಬತ್ತು ಎಂಬುದನ್ನು ನಿಶಿತಾ ಕೇಳಿದ್ದು ಆಗಲೇ ಮೊದಲು. ಅವಳು ಚಿದಾನಂದನ ಕಡೆ ನೋಡಿದಳು, ಅವನ ಮುಖ ಸಣ್ಣದಾದದ್ದನ್ನು ಕಂಡಳು, ಮತ್ತು ಯಾರೂ ಕೇಳದೆ ಅವನ ರಕ್ಷಣೆಗೆ ಎದ್ದು ನಿಂತಳು. ಅವತ್ತು ಬೆಂಕಿ ಗಂಟೆ ಹೊಡೆಯಿತು, ಸರ್ ಆಗ ಆ ಕೊನೆಯ ಸ್ಲೈಡಿನ ಮೇಲೇ ಇದ್ದಿರಬೇಕು, ಅರ್ಧಕ್ಕೇ ಎದ್ದು ಓಡಿಸಿದರು ಎಂದು ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಹೇಳಿದಳು. ಚೀಟಿ ಡಬ್ಬಕ್ಕೆ ಹಾಕಿದ್ದೂ ನಾನೇ, ತಪ್ಪು ನನ್ನದು ಎಂದಳು. ಎಷ್ಟು ಚೆಂದದ ಸುಳ್ಳು, ಅವಳಿಗೇ ಅದು ಸುಳ್ಳೆಂದು ಗೊತ್ತಿಲ್ಲದ್ದು! ಹೊಲಿಸಿ ತಂದ ಅಂಗಿಯ ಹಾಗೆ ಅವನ ಅಳತೆಗೆ ಸರಿಯಾಗಿತ್ತು. ಪ್ರೊಫೆಸರ್ "ಓ, ಹಾಗೇ ಇರಬೇಕು" ಎಂದು ಬರೆದುಕೊಂಡಳು. ಅವನ ತಲೆ ಒಂದಿಷ್ಟು ಆಡಿರಬಹುದು.

"ಇನ್ನೊಂದು ಇದೆ," ಎಂದಳು ಪ್ರೊಫೆಸರ್, ಪೆನ್ನು ಕೆಳಗಿಟ್ಟು. "ನಿಶಿತಾ, ಇದನ್ನು ಕೇಳಲೇಬೇಕಾಗಿದೆ. ಇಬ್ಬರೂ ಒಂದೇ ಜಾಗ ನೋಡಿದ್ದಕ್ಕೆ ಎಣ್ಣೆ ಕಾರಣ ಇರಬಹುದು. ಆದರೆ ಇಷ್ಟು ಹತ್ತಿರದ ಸಂಖ್ಯೆಗಳಿಗೆ ಅದೊಂದೇ ಕಾರಣ ಎಂದು ನಾನು ವರದಿಯಲ್ಲಿ ಹೇಗೆ ಬರೆಯಲಿ? ಚಿದಾನಂದ್ ಅವರ ಚೀಟಿಗಳನ್ನು ನೀನು ಯಾವತ್ತಾದರೂ ನೋಡಿದ್ದೀಯಾ? ಆ ದಿನ ನಿನ್ನ ಕೈಯಲ್ಲೇ ಇದ್ದವು ಎಂದು ನೀನೇ ಹೇಳಿದೆ."

ಈ ಪ್ರಶ್ನೆ ಎಲ್ಲಿಂದ ಹುಟ್ಟಿತು ಎಂದು ನಿಶಿತಾಗೆ ಇನ್ನೂ ಹೊಳೆದಿರಲಿಲ್ಲ, ಅದಕ್ಕೇ ಸಹಾಯಕ್ಕೆಂದು ಅವನ ಕಡೆಗೇ ತಿರುಗಿದಳು. ಚಿದಾನಂದನಿಗೆ ಎಲ್ಲವೂ ಒಟ್ಟಿಗೆ ಕಂಡಿತು. ಅವಳು ನೋಡಿಲ್ಲ ಎಂಬುದಕ್ಕೆ ಈ ಭೂಮಿಯ ಮೇಲೆ ಒಂದೇ ಸಾಕ್ಷಿಯಿದೆ: ಚೀಟಿಯಲ್ಲಿ ತೊಂಬತ್ತು ಬೇಕೆಂದೇ ಬರೆದಿತ್ತು, ಅವಳು ಇನ್ನೂರ ಒಂಬತ್ತು ಬರೆದಳು. ಬೆಂಕಿ ಗಂಟೆಯ ಕಥೆಯೇ ನಿಜವೆಂದಾದರೆ ಆ ಸಾಕ್ಷಿ ಬೀಳುತ್ತದೆ, ಅವನು ಉಳಿಯುತ್ತಾನೆ, ಅವಳ ಮೇಲಿನ ಸಂಶಯವೂ ಉಳಿಯುತ್ತದೆ. ಆರು ತಿಂಗಳೋ ವರ್ಷವೋ ಬಿಟ್ಟು ಯಾವುದೋ ಕಾಗದದಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ಸಂಶಯ ಎಷ್ಟು ದಿನ ಬದುಕುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿರಲಿಲ್ಲ.

"ಅವಳು ನೋಡಿಲ್ಲ," ಎಂದ. "ಗಂಟೆಗೂ ಅದಕ್ಕೂ ಸಂಬಂಧವಿಲ್ಲ. ನಾನು ಪೂರ್ತಿ ಎಣಿಸಿದ್ದೆ, ಇನ್ನೂರ ಹದಿನಾಲ್ಕು. ಅವಳನ್ನು ಹಿಡಿಯಬೇಕೆಂದು ತೊಂಬತ್ತು ಬರೆದೆ. ಅವಳು ನಕಲು ಮಾಡುತ್ತಿದ್ದರೆ ತೊಂಬತ್ತು ಬರೆಯುತ್ತಿದ್ದಳು. ಅವಳ ಮೇಲೆ ನಿಮಗೆ ಸಂಶಯ ಹುಟ್ಟಿಸಿದವನೂ ನಾನೇ. ಅದು ಸುಳ್ಳು ಸಂಶಯ."

ಪರದೆಯ ಮೇಲೆ ಪ್ರೊಫೆಸರ್ ಅಲುಗಾಡಲಿಲ್ಲ. ಸಂಪರ್ಕ ಕಡಿದುಹೋಯಿತೇನೋ ಎಂದು ಒಂದು ಗಳಿಗೆ ಅವನಿಗೆ ಆಸೆಯಾಯಿತು. ಆಮೇಲೆ ಅವಳು ಬಹಳ ನಿಧಾನವಾಗಿ ಕೇಳಿದಳು, ಎಷ್ಟು ಸ್ಲೈಡುಗಳಿಗೆ ಹೀಗೆ ಮಾಡಿದ್ದೀರಿ ಎಂದು.

"ಒಂದೇ," ಎಂದ.

ಹೇಳಿದ ಕೂಡಲೇ ಆ ಮಾತು ಎಷ್ಟು ಟೊಳ್ಳೆಂದು ಅವನಿಗೇ ಕೇಳಿಸಿತು. ತಾನಾಗಿದ್ದರೆ ನಂಬುತ್ತಿದ್ದೆನೇ? ಒಂದೇ ಅನ್ನುವವನು ಹತ್ತು ಮಾಡಿರುತ್ತಾನೆ ಎಂದು ತಾನೇ ಅಂದುಕೊಳ್ಳುತ್ತಿದ್ದವನು. ಪ್ರೊಫೆಸರ್ ಏನೋ ಬರೆದುಕೊಂಡಳು, ಏನೆಂದು ಹೇಳಲಿಲ್ಲ. ರಾಮಮೂರ್ತಿ ಸ್ಲೈಡುಗಳ ಪೆಟ್ಟಿಗೆಯನ್ನು ಅವನ ಮುಂದಿನಿಂದ ತಮ್ಮ ಕಡೆಗೆ ಎಳೆದುಕೊಂಡು ಮುಚ್ಚಳ ಹಾಕಿದರು. "ಈ ವರ್ಷದ್ದಷ್ಟೇ ಅಲ್ಲ ಅನ್ಸತ್ತಯ್ಯಾ," ಎಂದರು, ಬೇಸರದಿಂದ, ಬೈಯುವ ದನಿಯೇ ಇಲ್ಲದೆ. "ನೀನು ನೋಡಿದ್ದೆಲ್ಲಾ ಮೊದಲಿಂದ ನೋಡ್ಬೇಕಾಗತ್ತೆ. ಹದಿನೈದು ವರ್ಷದ್ದು."

ಕಾರಿಡಾರಿನಲ್ಲಿ ನಿಶಿತಾ ನೀರಿನ ನಲ್ಲಿಯ ಹತ್ತಿರ ನಿಂತಿದ್ದಳು. ಅವಳು ಅತ್ತಿರಲಿಲ್ಲ. ಅವನು ಹತ್ತಿರ ಹೋಗಿ ನಿಂತ. ಅವಳೇ ಕೇಳಿದಳು. "ಸರ್, ನಿಜವಾಗ್ಲೂ ಒಂದೇನಾ?"

ಹನ್ನೊಂದು ವಾರದಲ್ಲಿ ಅವಳು ಅವನನ್ನು ಅನುಮಾನಿಸಿ ಕೇಳಿದ ಮೊದಲ ಪ್ರಶ್ನೆ ಅದು. "ಒಂದೇ ಯವ್ವಾ, ನಿನ್ನಾಣೆ, ಒಂದೇ," ಎಂದ. ಏಕವಚನ ತಾನಾಗಿ ಬಂದುಬಿಟ್ಟಿತ್ತು.

ಅವಳು ಅವನ ಮುಖವನ್ನು, ಮೊದಲು ಒಂದು ಕಣ್ಣು ಆಮೇಲೆ ಇನ್ನೊಂದು ಎಂಬಂತೆ, ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ ತಲೆಯಾಡಿಸಿ, "ಸರಿ ಸರ್," ಎಂದು, ಹ್ಯೂಸ್ಟನ್ನಿಗೆ ಬಸ್ಸು ಎಷ್ಟು ಗಂಟೆಗಿದೆ ಎಂದು ಫೋನಿನಲ್ಲಿ ನೋಡತೊಡಗಿದಳು.